ಒಟ್ಟು ಮಾಡಿದ ಡೇಟಾದಲ್ಲಿ ಗುಂಪು ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಎಪಿಎಂಸಿ ಬೆಲೆ, ಮಳೆ, ಬೆಳೆ ಇವುಗಳ ಅಂಕಿಗಳ ಜೊತೆ ದಿನಾ ಕೆಲಸ. ಪ್ರಾಜೆಕ್ಟ್ ಮಾಡುವ ವಿಟಿಯು ಹುಡುಗರು, ರೈತ ಕಂಪನಿಗಳಲ್ಲಿ ಲೆಕ್ಕ ನೋಡುವವರು, ಪಿಎಚ್‌ಡಿಗೆ ಸೇರಿದ ಮೇಷ್ಟ್ರುಗಳು ಫೋನ್ ಮಾಡಿ, ಪತ್ರ ಬರೆದು, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನಿಲ್ಲಿಸಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಹಾಕಿದ್ದೇನೆ. ಪ್ರಶ್ನೆಗಳು ಅವರ ಮಾತಿನಲ್ಲೇ ಇವೆ. ಉದಾಹರಣೆಯಲ್ಲಿ ಬರುವ ಬೆಲೆಗಳು ಲೆಕ್ಕ ಸುಲಭವಾಗಲಿ ಅಂತ ನಾನೇ ಇಟ್ಟುಕೊಂಡ ಅಂಕಿಗಳು.

## ಮೊದಲಿಗೆ

ಸರ, ಕ್ಲಸ್ಟರಿಂಗ್ ಅಂದ್ರ ಏನ್ರಿ, ಒಂದ್ ಮಾತಿನ್ಯಾಗ ಹೇಳ್ರಿ

ಉಳ್ಳಾಗಡ್ಡಿ ಕಿತ್ತು ಹೊಲದಲ್ಲಿ ರಾಶಿ ಹಾಕಿದ ಮೇಲೆ ಕೂತು ದಪ್ಪದ್ದು, ನಡುವಿನದು, ಸಣ್ಣದು ಅಂತ ಬೇರೆ ಮಾಡ್ತಾರಲ್ಲ, ಅದೇ. ಯಾವ ಗಡ್ಡೆಯ ಮೇಲೂ ಹೆಸರು ಬರೆದಿರುವುದಿಲ್ಲ. ಒಂದಕ್ಕೊಂದು ಹೋಲುವುದನ್ನು ಒಂದು ಕಡೆ ಹಾಕುತ್ತಾ ಹೋದರೆ ಗುಂಪು ತಾನಾಗಿ ಕಾಣುತ್ತದೆ. ಮೊದಲೇ ಹೆಸರು ಇದ್ದು, ಹೊಸ ಗಡ್ಡೆ ಯಾವ ಹೆಸರಿಗೆ ಸೇರುತ್ತೆ ಅಂತ ಹೇಳುವುದು ಬೇರೆ ಕೆಲಸ, ಅದು ವರ್ಗೀಕರಣ. ಇವೆರಡನ್ನೂ ಬಹಳ ಜನ ಕಲಸಿಬಿಡುತ್ತಾರೆ.

ಒಟ್ಟು ಮಾಡಿದ ಡೇಟಾ ಅಂತ ಬೇರೆ ಹೆಸರು ಯಾಕೆ? ಎಲ್ಲ ಡೇಟಾ ಒಂದೇ ಅಲ್ವಾ?

ಅಲ್ಲ. ಒಂದು ಸಾಲು ಅಂದರೆ ಒಬ್ಬ ರೈತ, ಒಂದು ಚೀಲ, ಒಂದು ರಶೀದಿ ಅಂತಿದ್ದರೆ ಅದು ಬಿಡಿ ಡೇಟಾ. ಒಂದು ಸಾಲು ಅಂದರೆ ಒಂದು ಮಾರುಕಟ್ಟೆಯ ಒಂದು ದಿನ, ಒಂದು ಹೋಬಳಿಯ ಒಂದು ತಿಂಗಳು, ಒಂದು ತಾಲೂಕಿನ ಒಂದು ಹಂಗಾಮು ಅಂತಾದರೆ ಅದು ಒಟ್ಟು ಮಾಡಿದ್ದು. ಆ ಒಂದು ಸಾಲಿನ ಹಿಂದೆ ನೂರಾರು ಬಿಡಿ ಸಾಲುಗಳು ನಿಂತಿರುತ್ತವೆ. ಜನಗಣತಿ ಕೋಷ್ಟಕ ಹೀಗೇ ಬರುತ್ತದೆ, ಯಾಕೆಂದರೆ ಮನೆ ಮನೆಯ ವಿವರ ಹೊರಗೆ ಕೊಡುವಂತಿಲ್ಲ. ಎಪಿಎಂಸಿ ದರಪಟ್ಟಿ ಕೂಡ ಹೀಗೇ: ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಹೋದ ಬೆಲೆ) ಅಂತ ಮೂರು ಬೆಲೆ. ಅವತ್ತು ಸವಾಲಿನಲ್ಲಿ (ಹರಾಜಿನಲ್ಲಿ) ಏನೇನಾಯ್ತು ಅನ್ನುವುದೆಲ್ಲ ಆ ಮೂರು ಅಂಕಿಗೆ ಇಳಿದಿರುತ್ತದೆ.

ಹಾಗಾಗಿ ಇಲ್ಲಿ ನಾವು ಗುಂಪು ಕಟ್ಟುತ್ತಿರುವುದು ಚುಕ್ಕಿಗಳನ್ನಲ್ಲ. ಒಂದೊಂದು ಸಾಲೂ ಒಂದು ವ್ಯಾಪ್ತಿ (ಕನಿಷ್ಠದಿಂದ ಗರಿಷ್ಠದವರೆಗೆ), ಒಂದು ಹಿಸ್ಟೋಗ್ರಾಮ್ (ಯಾವ ಬೆಲೆಗೆ ಎಷ್ಟು ಮಾಲು ಹೋಯ್ತು ಅಂತ ಕಂಬಗಳಲ್ಲಿ ತೋರಿಸುವ ಚಿತ್ರ), ಇಲ್ಲವೇ ಪಾಲುಗಳ ಪಟ್ಟಿ.

ಸುಮ್ನೆ ಸರಾಸರಿ ತಗೊಂಡು ಕೆ-ಮೀನ್ಸ್ ಹಾಕಿದ್ರೆ ಏನಾಗುತ್ತೆ?

ಇದು ಅತಿ ಹೆಚ್ಚು ಬರುವ ಪ್ರಶ್ನೆ. ಕೆ-ಮೀನ್ಸ್ ಅಂದರೆ ಪ್ರತಿ ಗುಂಪಿಗೂ ಒಂದು ಕೇಂದ್ರ ಇಟ್ಟು, ಒಂದೊಂದು ಸಾಲನ್ನೂ ತನಗೆ ಹತ್ತಿರದ ಕೇಂದ್ರದ ಗುಂಪಿಗೆ ಹಾಕುವ ಮಾಮೂಲಿ ವಿಧಾನ. ಸ್ವಲ್ಪ ನಿಧಾನವಾಗಿ ನೋಡೋಣ.

ಎರಡು ಮಾರುಕಟ್ಟೆ. ಮೊದಲನೆಯದರಲ್ಲಿ ಉಳ್ಳಾಗಡ್ಡಿ ಕ್ವಿಂಟಲ್‌ಗೆ 800ರಿಂದ 2400 ರೂಪಾಯಿವರೆಗೆ ಹೋಗಿದೆ. ಎರಡನೆಯದರಲ್ಲಿ 1500ರಿಂದ 1700. ಎರಡರ ನಡುಬೆಲೆಯೂ 1600, ಸರಾಸರಿಯೂ ಅಷ್ಟೇ ಅಂತ ಇಟ್ಟುಕೊಳ್ಳಿ. ಸರಾಸರಿ ಮಾತ್ರ ಕೊಟ್ಟರೆ ಕೆ-ಮೀನ್ಸ್ ಇವೆರಡರ ದೂರ ಸೊನ್ನೆ ಅಂತ ಹೇಳಿ ಒಂದೇ ಗುಂಪಿಗೆ ಹಾಕುತ್ತದೆ. ಆದರೆ ಟ್ರ್ಯಾಕ್ಟರ್ ತುಂಬಿಕೊಂಡು ಹೋಗುವ ರೈತನಿಗೆ ಇವೆರಡೂ ಒಂದೇನಾ? ಮೊದಲನೆಯದರಲ್ಲಿ ಮಾಲಿನ ಗುಣ ನೋಡಿ ಬೆಲೆ ಮೂರು ಪಟ್ಟು ಏರುಪೇರಾಗುತ್ತದೆ, ವಿಂಗಡಿಸಿ ಒಯ್ದರೆ ಲಾಭ. ಎರಡನೆಯದರಲ್ಲಿ ವಿಂಗಡಿಸುವ ಕೂಲಿಯೇ ದಂಡ.

ನಾನು ಮೊದಮೊದಲು ಇದೇ ತಪ್ಪು ಮಾಡಿದ್ದೆ. ವಾರದ ಸರಾಸರಿ ಹಾಕಿ ಮಾರುಕಟ್ಟೆಗಳ ಗುಂಪು ಮಾಡಿ ಒಂದು ರೈತರ ತಂಡಕ್ಕೆ ಕೊಟ್ಟೆ. ಹಿರಿಯರೊಬ್ಬರು ಪಟ್ಟಿ ನೋಡಿ, “ತಮ್ಮಾ, ಈ ಎರಡು ಪೇಟೆ ಒಂದೇ ಅಂತ ಯಾರು ಹೇಳಿದ್ರು ನಿನಗ?” ಅಂದರು. ಅವರು ಹೇಳಿದ್ದು ಸರಿಯಿತ್ತು. ಹರವು ಅನ್ನುವುದು ಕಸ ಅಲ್ಲ, ಅದೇ ಮಾಹಿತಿ. ಒಟ್ಟು ಮಾಡುವಾಗ ಹರವನ್ನು ಬಿಟ್ಟರೆ ಆಮೇಲೆ ಯಾವ ಮೆಥಡ್ ಹಾಕಿದರೂ ಅದು ವಾಪಸ್ ಬರುವುದಿಲ್ಲ.

ಸರಾಸರಿಗಳ ಸರಾಸರಿ ತಗೋಬಹುದಾ?

ಎಣಿಕೆ ಇಲ್ಲದೆ ಬೇಡ. ಸೋಮವಾರ 400 ಚೀಲ, ಸರಾಸರಿ 1200. ಮಂಗಳವಾರ 40 ಚೀಲ, ಸರಾಸರಿ 2000. ಸುಮ್ನೆ ಕೂಡಿಸಿ ಎರಡರಿಂದ ಭಾಗಿಸಿದರೆ 1600 ಬರುತ್ತದೆ. ಚೀಲ ಲೆಕ್ಕ ಹಿಡಿದರೆ ಸುಮಾರು 1273. ಎಷ್ಟು ಫರಕು ನೋಡಿ. ಪ್ರತಿ ಸಾಲಿನ ಜೊತೆ ಎಣಿಕೆಯ ಕಾಲಂ ಇಟ್ಟುಕೊಳ್ಳಲೇಬೇಕು.

## ದೂರದ ಲೆಕ್ಕ

ಎರಡು ವ್ಯಾಪ್ತಿಗಳ ನಡುವೆ ದೂರ ಹೆಂಗ್ ಅಳೀಬೇಕ್ರಿ? ಒಂದು ಅಂಕಿ ಇದ್ರ ಕಳದ್ರಾತು, ಇಲ್ಲಿ ಎರಡೆರಡು ಅದಾವಲ್ಲ

ದಾರಿ ಹಲವು ಇವೆ. ಸರಳವಾದ್ದು ಹೌಸ್‌ಡಾರ್ಫ್ ದೂರ. ಕೆಳತುದಿಗಳ ವ್ಯತ್ಯಾಸ ಒಂದು, ಮೇಲ್ತುದಿಗಳ ವ್ಯತ್ಯಾಸ ಒಂದು, ಎರಡರಲ್ಲಿ ದೊಡ್ಡದನ್ನು ತಗೊಳ್ಳುವುದು. ಮೇಲಿನ ಉದಾಹರಣೆಯಲ್ಲಿ 800 ಮತ್ತು 1500ರ ನಡುವೆ 700, 2400 ಮತ್ತು 1700ರ ನಡುವೆಯೂ 700, ಹಾಗಾಗಿ ದೂರ 700. ಸರಾಸರಿ ಹಿಡಿದಾಗ ಸೊನ್ನೆ ಬಂದಿತ್ತು, ನೆನಪಿರಲಿ.

ಇದನ್ನೇ ಇನ್ನೊಂದು ರೀತಿ ನೋಡಬಹುದು: ನಡುಬಿಂದುಗಳ ವ್ಯತ್ಯಾಸಕ್ಕೆ ಅರ್ಧ ಅಗಲಗಳ ವ್ಯತ್ಯಾಸ ಕೂಡಿಸಿದರೂ ಇದೇ ಉತ್ತರ. ಇಲ್ಲಿ ನಡುಬಿಂದು ವ್ಯತ್ಯಾಸ 0, ಅರ್ಧ ಅಗಲ 800 ಮತ್ತು 100, ಅವುಗಳ ವ್ಯತ್ಯಾಸ 700, ಎರಡೂ ಕೂಡಿದರೆ 700. ನನಗೆ ಈ ರೂಪವೇ ಇಷ್ಟ, ಯಾಕೆಂದರೆ ದೂರದಲ್ಲಿ ಎಷ್ಟು ಪಾಲು ಬೆಲೆಯ ಮಟ್ಟದಿಂದ ಬಂತು, ಎಷ್ಟು ಹರವಿನಿಂದ ಬಂತು ಅಂತ ಬಿಡಿಸಿ ತೋರಿಸುತ್ತದೆ.

ವ್ಯಾಪ್ತಿಯೊಳಗೆ ಬೆಲೆಗಳು ಸಮನಾಗಿ ಹರಡಿವೆ ಅಂತ ಹಿಡಿದರೆ ವಾಸರ್‌ಸ್ಟೈನ್ ದೂರವೂ (ಒಂದು ಹಂಚಿಕೆಯನ್ನು ಇನ್ನೊಂದರಂತೆ ಮಾಡಲು ಎಷ್ಟು ಸರಿಸಬೇಕು ಅನ್ನುವ ಅಳತೆ, ವಿವರ ಮುಂದೆ ಇದೆ) ಸುಲಭ. ನಡುಬಿಂದು ವ್ಯತ್ಯಾಸದ ವರ್ಗಕ್ಕೆ, ಅರ್ಧ ಅಗಲಗಳ ವ್ಯತ್ಯಾಸದ ವರ್ಗದ ಮೂರನೇ ಒಂದು ಪಾಲು ಸೇರಿಸಿ ವರ್ಗಮೂಲ ತೆಗೆದರಾಯ್ತು. ಇಲ್ಲಿ ಸುಮಾರು 404 ಬರುತ್ತದೆ. ಅಂದರೆ ಈ ದೂರ ಹರವಿಗೆ ಕೊಡುವ ತೂಕ ಕಡಿಮೆ. ಹರವೇ ನಿಮ್ಮ ಮುಖ್ಯ ಪ್ರಶ್ನೆಯಾಗಿದ್ದರೆ ಹೌಸ್‌ಡಾರ್ಫ್ ಕಡೆ ಹೋಗಿ.

ಒಂದು ಕೊಳೆತ ಚೀಲ 200 ರೂಪಾಯಿಗೆ ಹೋದ್ರೆ ಕನಿಷ್ಠ ಬೆಲೆ 200 ಆಗಿಬಿಡುತ್ತಲ್ಲ?

ಆಗುತ್ತದೆ. ಕನಿಷ್ಠ-ಗರಿಷ್ಠದ ದೊಡ್ಡ ದೋಷ ಇದೇ, ಒಂದೇ ಚೀಲ ಇಡೀ ದಿನದ ಚಿತ್ರ ಕೆಡಿಸಬಲ್ಲದು. ಬಿಡಿ ರಶೀದಿಗಳು ಕೈಗೆ ಸಿಕ್ಕರೆ ಶೇ. 10 ಮತ್ತು ಶೇ. 90ರ ಬೆಲೆಯನ್ನು (ಅಂದರೆ ಮಾಲಿನ ಶೇ. 10ರಷ್ಟು, ಶೇ. 90ರಷ್ಟು ಯಾವ ಬೆಲೆಗಿಂತ ಕಡಿಮೆಗೆ ಹೋಯ್ತೋ ಆ ಬೆಲೆ) ತುದಿ ಅಂತ ಹಿಡಿಯಿರಿ. ಸಿಗದಿದ್ದರೆ ಒಂದು ವಾರದ ಕನಿಷ್ಠಗಳ ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿ), ಗರಿಷ್ಠಗಳ ಮಧ್ಯಾಂಕ ತಗೊಳ್ಳಿ.

ಮೂರು ಬೆಲೆ ಇದ್ದಾಗ ಮಾದರಿ ಬೆಲೆ ಬಿಟ್ಟುಬಿಡಬೇಕಾ?

ಬಿಡಬೇಡಿ. ಹೆಚ್ಚಿನ ಮಾಲು ಯಾವ ಬೆಲೆಗೆ ಹೋಯ್ತು ಅನ್ನುವುದನ್ನು ಹೇಳುವುದು ಅದೊಂದೇ. ಕನಿಷ್ಠ, ಮಾದರಿ, ಗರಿಷ್ಠ ಮೂರನ್ನೂ ಸೇರಿಸಿ ತ್ರಿಕೋನದ ಆಕಾರದ ಹಂಚಿಕೆ ಅಂತ ಊಹಿಸಬಹುದು, ತ್ರಿಕೋನದ ನೆತ್ತಿ ಮಾದರಿ ಬೆಲೆಯ ಮೇಲೆ. ಇದು ಊಹೆ ಅಂತ ವರದಿಯಲ್ಲಿ ಬರೆಯಿರಿ, ಸಾಕು.

ಹಿಸ್ಟೋಗ್ರಾಮ್‌ಗಳನ್ನ ಕಂಬಕ್ಕೆ ಕಂಬ ಕಳೆದು ದೂರ ತೆಗೆದೆ. ಗೈಡ್ ತಪ್ಪು ಅಂದ್ರು. ಯಾಕೆ?

ಗೈಡ್ ಹೇಳಿದ್ದು ಸರಿ. ಮೂರು ಪೇಟೆ ಇಟ್ಟುಕೊಳ್ಳಿ. ಒಂದರಲ್ಲಿ ಎಲ್ಲ ಮಾಲು 1000–1100ರ ಕಂಬದಲ್ಲಿದೆ. ಎರಡನೆಯದರಲ್ಲಿ ಎಲ್ಲವೂ 1100–1200ರಲ್ಲಿ. ಮೂರನೆಯದರಲ್ಲಿ ಎಲ್ಲವೂ 3000–3100ರಲ್ಲಿ. ಕಂಬಕ್ಕೆ ಕಂಬ ಕಳೆದರೆ ಒಂದನೆಯದಕ್ಕೂ ಎರಡನೆಯದಕ್ಕೂ ಎಷ್ಟು ದೂರ ಬರುತ್ತದೋ, ಒಂದನೆಯದಕ್ಕೂ ಮೂರನೆಯದಕ್ಕೂ ಅಷ್ಟೇ ಬರುತ್ತದೆ! ಪಕ್ಕದ ಮನೆಯೂ ದೂರದ ಊರೂ ಒಂದೇ ಅಂದಹಾಗಾಯ್ತು. ಕಂಬಗಳು ಸಾಲಾಗಿ ನಿಂತಿವೆ ಅನ್ನುವುದು ಆ ಲೆಕ್ಕಕ್ಕೆ ಗೊತ್ತೇ ಇಲ್ಲ.

ಇದಕ್ಕೆ ಮದ್ದು ವಾಸರ್‌ಸ್ಟೈನ್ ದೂರ. ಮಣ್ಣು ಸಾಗಿಸುವ ದೂರ ಅಂತಲೂ ಕರೆಯುತ್ತಾರೆ. ಫ್ರಾನ್ಸಿನ ಗಣಿತಜ್ಞ ಗಾಸ್ಪಾರ್ ಮಾಂಜ್ 1781ರಲ್ಲಿ ಕೇಳಿದ ಪ್ರಶ್ನೆ ಇದು: ಒಂದು ಕಡೆಯ ಮಣ್ಣಿನ ಗುಡ್ಡೆಯನ್ನು ಇನ್ನೊಂದು ಕಡೆ ಬೇರೆ ಆಕಾರದಲ್ಲಿ ಒಟ್ಟಬೇಕು, ಕಡಿಮೆ ಖರ್ಚಿನಲ್ಲಿ ಹೇಗೆ? ನಮ್ಮಲ್ಲಿ ಬೇಸಿಗೆಗೆ ಕೆರೆ ಮಣ್ಣು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆಸುವವರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ. ಹತ್ತಿರದ ಗುಡ್ಡೆ ಹತ್ತಿರದ ತಗ್ಗಿಗೆ, ಅಷ್ಟೇ. 1942ರಲ್ಲಿ ರಷ್ಯಾದ ಲಿಯೊನಿಡ್ ಕಾಂಟೊರೊವಿಚ್ ಇದಕ್ಕೆ ಒಳ್ಳೆಯ ಗಣಿತ ರೂಪ ಕೊಟ್ಟರು.

ಬೆಲೆಯಂಥ ಒಂದೇ ಅಳತೆ ಇದ್ದಾಗ ಲೆಕ್ಕ ಬಹಳ ಹಗುರ. ಎರಡೂ ಕಡೆಯ ಚೀಲಗಳನ್ನು ಬೆಲೆಯ ಪ್ರಕಾರ ಸಾಲಾಗಿ ನಿಲ್ಲಿಸಿ, ಮೊದಲನೆಯದಕ್ಕೆ ಮೊದಲನೆಯದು, ಎರಡನೆಯದಕ್ಕೆ ಎರಡನೆಯದು ಅಂತ ಜೋಡಿ ಮಾಡಿ. ಕಿಲೋ ಬೆಲೆ ಒಂದು ಕಡೆ 10, 12, 14, 16. ಇನ್ನೊಂದು ಕಡೆ 12, 12, 15, 21. ವ್ಯತ್ಯಾಸ 2, 0, 1, 5. ಸರಾಸರಿ 2 ರೂಪಾಯಿ. ಅದೇ ದೂರ (ವ್ಯತ್ಯಾಸಗಳನ್ನು ವರ್ಗ ಮಾಡದ, ಮೊದಲನೇ ಘಾತದ್ದು). ಅದು ರೂಪಾಯಿಯಲ್ಲೇ ಬರುತ್ತೆ ಅನ್ನುವುದು ಇನ್ನೊಂದು ಅನುಕೂಲ, ಯಾರಿಗೆ ಬೇಕಾದರೂ ಬಿಡಿಸಿ ಹೇಳಬಹುದು.

## ಗುಂಪು ಕಟ್ಟುವಾಗ

ಅಣ್ಣಾ, ಈ ಹೊಸ ದೂರ ಎಲ್ಲ ಸರಿ, ಆದ್ರೆ ನನಗೆ ಬರೋದು ಮಾಮೂಲಿ ಕೆ-ಮೀನ್ಸ್ ಒಂದೇ. ಅದ್ರಲ್ಲೇ ಮುಗಿಸಬಹುದಾ?

ಮುಗಿಸಬಹುದು ತಮ್ಮಾ. ಪ್ರತಿ ಮಾರುಕಟ್ಟೆಗೆ ಶೇ. 5, 15, 25 ಹೀಗೆ 95ರವರೆಗಿನ ಕ್ವಾಂಟೈಲ್ ಬೆಲೆ ತೆಗೆ. ಹತ್ತು ಅಂಕಿ ಆಗುತ್ತವೆ. ಶೇ. 25ರ ಬೆಲೆ ಅಂದರೆ ಕಾಲು ಭಾಗ ಮಾಲು ಅದಕ್ಕಿಂತ ಕಡಿಮೆಗೆ ಹೋಗಿದೆ ಅಂತ. ಈ ಹತ್ತು ಅಂಕಿಗಳನ್ನೇ ಹತ್ತು ಕಾಲಂ ಮಾಡಿ ಮಾಮೂಲಿ ಕೆ-ಮೀನ್ಸ್ ಹಾಕು. ಒಂದೇ ಅಳತೆಯ ಹಂಚಿಕೆಗೆ ಎರಡನೇ ಘಾತದ (ವ್ಯತ್ಯಾಸಗಳನ್ನು ವರ್ಗ ಮಾಡುವ) ವಾಸರ್‌ಸ್ಟೈನ್ ದೂರ ಅಂದರೆ ಕ್ವಾಂಟೈಲ್‌ಗಳ ನಡುವಿನ ಮಾಮೂಲಿ ಯೂಕ್ಲಿಡ್ ದೂರವೇ, ಹತ್ತು ಅಂಕಿ ತಗೊಂಡಾಗ, ಬಂದದ್ದನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ ಅದರ ಹತ್ತಿರದ ಅಂದಾಜು ಸಿಗುತ್ತದೆ. ಬೇರೆ ಯಾವ ಪ್ಯಾಕೇಜೂ ಬೇಡ. ನಾನು ದಿನನಿತ್ಯದ ಕೆಲಸದಲ್ಲಿ ಜಾಸ್ತಿ ಬಳಸುವುದು ಇದನ್ನೇ.

ಬೆಲೆ, ಆವಕ (ಪೇಟೆಗೆ ಬಂದ ಮಾಲು) ಎರಡನ್ನೂ ಒಟ್ಟಿಗೆ ಹಾಕಿದರೆ ಎರಡರ ಕ್ವಾಂಟೈಲ್‌ಗಳನ್ನು ಅಕ್ಕಪಕ್ಕ ಇಡಬಹುದು. ಆದರೆ ಆವಕ ಏರಿದ ದಿನ ಬೆಲೆ ಇಳಿಯಿತಾ ಅನ್ನುವ ಸಂಬಂಧ ಅದರಲ್ಲಿ ಬರುವುದಿಲ್ಲ. ಅದು ಬೇಕಾದರೆ ಬೇರೆ ಕಾಲಂ ಮಾಡಿ ಸೇರಿಸಬೇಕು.

ಗುಂಪಿನ ಕೇಂದ್ರ ಅಂದ್ರೆ ಏನು? ಹಿಸ್ಟೋಗ್ರಾಮ್‌ಗಳ ಸರಾಸರಿನಾ?

ಕ್ವಾಂಟೈಲ್‌ಗಳ ಸರಾಸರಿ. ಫರಕು ದೊಡ್ಡದು. ಒಂದು ಪೇಟೆಯ ಬೆಲೆ ಎಲ್ಲ 1000ದ ಸುತ್ತ, ಇನ್ನೊಂದರದು 2000ದ ಸುತ್ತ. ಹಿಸ್ಟೋಗ್ರಾಮ್ ಕೂಡಿಸಿ ಅರ್ಧ ಮಾಡಿದರೆ ಎರಡು ಡುಬ್ಬದ ಒಂಟೆಯ ಬೆನ್ನಿನ ಹಾಗೆ ಎರಡು ಡುಬ್ಬ ಬರುತ್ತವೆ. ಅಂಥ ಪೇಟೆ ಎಲ್ಲೂ ಇಲ್ಲ. ಕ್ವಾಂಟೈಲ್ ಸರಾಸರಿ ಮಾಡಿದರೆ 1500ರ ಸುತ್ತ ಒಂದೇ ಡುಬ್ಬ. ಹೌಸ್‌ಡಾರ್ಫ್ ದೂರದಲ್ಲಿ ಕೇಂದ್ರ ಅಂದರೆ ನಡುಬಿಂದುಗಳ ಮಧ್ಯಾಂಕ, ಅರ್ಧ ಅಗಲಗಳ ಮಧ್ಯಾಂಕ. ದೂರ ಬದಲಾದರೆ ಕೇಂದ್ರವೂ ಬದಲಾಗಬೇಕು, ಒಂದು ದೂರಕ್ಕೆ ಇನ್ನೊಂದರ ಕೇಂದ್ರ ಜೋಡಿಸಿದರೆ ಲೆಕ್ಕ ಸುತ್ತುತ್ತಲೇ ಇರಬಹುದು, ನಿಲ್ಲದೆಯೂ ಹೋಗಬಹುದು.

ಕೆ-ಮೀನ್ಸ್, ಮರದ ಹಾಗೆ ಕವಲೊಡೆಯೋದು, ಡಿಬಿಸ್ಕ್ಯಾನ್, ಇಷ್ಟರಲ್ಲಿ ಯಾವುದು ಚಲೋ?

ಸಾಲುಗಳು ಕಡಿಮೆ ಇದ್ದರೆ, ಅಂದರೆ ಮೂರು ಜಿಲ್ಲೆಯ ಮಾರುಕಟ್ಟೆಗಳಷ್ಟೇ ಇದ್ದರೆ, ಮರದ ರೀತಿಯೇ ಚಲೋ. ಯಾವ ಪೇಟೆ ಯಾವುದರ ಜೊತೆ ಯಾವ ಹಂತದಲ್ಲಿ ಕೂಡಿತು ಅಂತ ಕಣ್ಣಿಗೆ ಕಾಣುತ್ತದೆ. ವಾರ್ಡ್ ಅನ್ನುವವರು 1963ರಲ್ಲಿ ಕೊಟ್ಟ ವಿಧಾನ ಕ್ವಾಂಟೈಲ್ ಕಾಲಂಗಳ ಮೇಲೆ ಚೆನ್ನಾಗಿ ಕೂರುತ್ತದೆ. ಹೌಸ್‌ಡಾರ್ಫ್ ದೂರದ ಕೋಷ್ಟಕಕ್ಕೆ ವಾರ್ಡ್ ಹಾಕಬೇಡಿ, ಅದು ಯೂಕ್ಲಿಡ್ ದೂರ ಕೇಳುತ್ತದೆ. ಅಲ್ಲಿ ಸರಾಸರಿ ಲಿಂಕೇಜ್ (ಎರಡು ಗುಂಪಿನ ಸಾಲುಗಳ ನಡುವಿನ ಸರಾಸರಿ ದೂರ ನೋಡಿ ಕೂಡಿಸುವುದು) ಅಥವಾ ಮೆಡಾಯ್ಡ್ ವಿಧಾನ ಹಾಕಿ. ಮೆಡಾಯ್ಡ್‌ನಲ್ಲಿ ಗುಂಪಿನ ಕೇಂದ್ರ ಒಂದು ನಿಜವಾದ ಪೇಟೆಯೇ ಆಗಿರುತ್ತದೆ, “ಇವೆಲ್ಲ ಬಾಗಲಕೋಟೆ ಪೇಟೆ ಥರದವು” ಅಂತ ಹೇಳಬಹುದು. ಒತ್ತಾಗಿ ನೆರೆದ ಸಾಲುಗಳನ್ನು ಗುಂಪು ಮಾಡುವ 1996ರ ಡಿಬಿಸ್ಕ್ಯಾನ್ ಯಾವ ಗುಂಪಿಗೂ ಸೇರದ ಒಂಟಿ ಸಾಲುಗಳನ್ನು ಬೇರೆ ಇಡುತ್ತದೆ. ಆದರೆ ಐವತ್ತು ಅರವತ್ತು ಸಾಲಿಗೆ ಅದು ಅಷ್ಟು ಒಗ್ಗುವುದಿಲ್ಲ.

ಎಷ್ಟು ಗುಂಪು ಮಾಡಬೇಕು?

ಪೀಟರ್ ರೂಸ್ಯೂ 1987ರಲ್ಲಿ ಕೊಟ್ಟ ಸಿಲೂಯೆಟ್ ಅಳತೆ (ಗುಂಪುಗಳು ಒಂದರಿಂದೊಂದು ಎಷ್ಟು ಚೆನ್ನಾಗಿ ಬೇರೆಯಾಗಿವೆ ಅಂತ ಹೇಳುವುದು) ನೋಡಿ, ನಿಮ್ಮ ದೂರವನ್ನೇ ಅದಕ್ಕೂ ಕೊಡಿ. ಆಮೇಲೆ ಒಂದು ಕೆಲಸ ಮಾಡಿ: ಎರಡು ಮೂರು ವಾರದ ಡೇಟಾ ತೆಗೆದುಹಾಕಿ ಮತ್ತೆ ಗುಂಪು ಕಟ್ಟಿ. ಪೇಟೆಗಳು ಗುಂಪಿನಿಂದ ಗುಂಪಿಗೆ ಹಾರಿದರೆ ಆ ಸಂಖ್ಯೆ ನಂಬಬೇಡಿ.

ಬೆಲೆ ಸಾವಿರದಲ್ಲಿದೆ, ಮಳೆ ಮಿಲಿಮೀಟರಿನಲ್ಲಿದೆ. ಸ್ಕೇಲಿಂಗ್ ಹೇಗೆ?

ಸ್ಕೇಲ್ ಮಾಡಲೇಬೇಕು, ಆದರೆ ಕನಿಷ್ಠದ ಕಾಲಂ ಒಂದು ಸಲ, ಗರಿಷ್ಠದ ಕಾಲಂ ಇನ್ನೊಂದು ಸಲ ಅಂತ ಬೇರೆ ಬೇರೆ ಮಾಡಬೇಡಿ. ಹಾಗೆ ಮಾಡಿದರೆ ಕೆಲವು ಸಾಲಿನಲ್ಲಿ ಕನಿಷ್ಠವೇ ಗರಿಷ್ಠಕ್ಕಿಂತ ಮೇಲೆ ಹೋಗಿ ಕೂರುತ್ತದೆ. ಒಂದು ಅಳತೆಗೆ ಸೇರಿದ ಎಲ್ಲ ಕಾಲಂಗಳಿಗೂ ಒಂದೇ ಭಾಜಕ.

ರಶೀದಿ ಲಕ್ಷಗಟ್ಟಲೆ ಇವೆ, ಲ್ಯಾಪ್‌ಟಾಪ್ ನಿಂತೇ ಹೋಗುತ್ತೆ

ಹಾಗಾದರೆ ಒಟ್ಟು ಮಾಡುವುದೇ ಇಲ್ಲಿ ಉಪಾಯ. 1996ರಲ್ಲಿ ಬಂದ ಬರ್ಚ್ ವಿಧಾನ ಪ್ರತಿ ಪುಟ್ಟ ಗುಂಪಿಗೆ ಮೂರೇ ಅಂಕಿ ಇಟ್ಟುಕೊಳ್ಳುತ್ತದೆ: ಎಣಿಕೆ, ಮೊತ್ತ, ವರ್ಗಗಳ ಮೊತ್ತ. ಎರಡು ಗುಂಪು ಸೇರಿಸಬೇಕಾದರೆ ಮೂರನ್ನೂ ಕೂಡಿಸಿದರಾಯ್ತು, ಸರಾಸರಿಯೂ ಹರವೂ ಅದರಿಂದಲೇ ಬರುತ್ತವೆ. ನಿಮ್ಮ ಕಚೇರಿಯಲ್ಲಿ ದಿನದ ವರದಿ ಮಾಡುವವರಿಗೆ ಈ ಮೂರು ಕಾಲಂ ಹಾಕಿಸಿಬಿಡಿ. ನಾಳೆ ಯಾರಿಗೋ ಬಹಳ ಉಪಕಾರ ಆಗುತ್ತದೆ.

## ಇನ್ನಷ್ಟು ಆಳಕ್ಕೆ

ತಾಲೂಕುವಾರು ಬೆಳೆ ಪಾಲು ಇದೆ: ಕಬ್ಬು ಇಷ್ಟು, ಜೋಳ ಇಷ್ಟು, ತೊಗರಿ ಇಷ್ಟು. ಇದಕ್ಕೂ ಅದೇ ಲೆಕ್ಕನಾ?

ಅಲ್ಲ. ಪಾಲುಗಳು ಕೂಡಿ ನೂರಾಗಬೇಕು. ಮುಧೋಳದಲ್ಲಿ ಕಬ್ಬು ಏರಿತು ಅಂದರೆ ಇನ್ಯಾವುದೋ ಇಳಿಯಲೇಬೇಕು. ಜೊತೆಗೆ ಕಬ್ಬು, ಜೋಳ, ತೊಗರಿಗೆ ಬೆಲೆಯ ಹಾಗೆ ಮೇಲೆ ಕೆಳಗೆ ಅನ್ನುವ ಕ್ರಮ ಇಲ್ಲ. ಜಾನ್ ಏಚಿಸನ್ 1980ರ ದಶಕದಲ್ಲಿ ತೋರಿಸಿದ ದಾರಿ: ಪಾಲುಗಳ ಅನುಪಾತದ ಲಾಗ್ ತೆಗೆದು ಆಮೇಲೆ ದೂರ ಅಳೆಯುವುದು. ಒಂದು ಬೆಳೆ ಸೊನ್ನೆ ಇದ್ದರೆ ಲಾಗ್ ಬರುವುದಿಲ್ಲ, ಸಣ್ಣ ಅಂಕಿ ತುಂಬಬೇಕು, ಎಷ್ಟು ತುಂಬಿದಿರಿ ಅಂತ ಬರೆದಿಡಬೇಕು.

ತಾಲೂಕಿನ ಲೆಕ್ಕ ಬದಲು ಜಿಲ್ಲೆಯದು ಹಾಕಿದ್ರೆ ಗುಂಪೇ ಬದಲಾಯ್ತು. ಎಲ್ಲಿ ತಪ್ಪಿದೆ?

ನೀವು ತಪ್ಪಿಲ್ಲ. ಗಡಿ ಬದಲಾದರೆ ಉತ್ತರ ಬದಲಾಗುತ್ತದೆ, ಈ ಥರದ ಡೇಟಾದ ಸ್ವಭಾವವೇ ಅದು. ಬೆಳಗಾವಿ ಜಿಲ್ಲೆಯನ್ನೇ ನೋಡಿ. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವುದು ಖಾನಾಪುರ ತಾಲೂಕಿನಲ್ಲಿ, ಸಹ್ಯಾದ್ರಿಯ ಮಳೆ ಅಲ್ಲಿ ಸುರಿಯುತ್ತದೆ. ಅದೇ ಜಿಲ್ಲೆಯ ಅಥಣಿ ಒಣ ಬಯಲು. ಎರಡನ್ನೂ ಕೂಡಿಸಿ ಜಿಲ್ಲೆಯ ಸರಾಸರಿ ಮಳೆ ಅಂದರೆ ಅದು ಖಾನಾಪುರದ್ದೂ ಅಲ್ಲ, ಅಥಣಿಯದೂ ಅಲ್ಲ. ಅಥಣಿ ಮಳೆಯ ಲೆಕ್ಕದಲ್ಲಿ ಪಕ್ಕದ ವಿಜಯಪುರದ ಸೀಮೆಗೇ ಹತ್ತಿರ.

ಕಾಲದ ಗಡಿಯೂ ಇದೆ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಹಿಂದಿನ ಬಿಜಾಪುರ ಜಿಲ್ಲೆಯ ಅಂಕಿ ಅಂದರೆ ಈಗಿನ ಎರಡು ಜಿಲ್ಲೆ. 2011ರ ಜನಗಣತಿಯಲ್ಲಿ ಬಾಗಲಕೋಟೆಗೆ ಆರು ತಾಲೂಕು, ವಿಜಯಪುರಕ್ಕೆ ಐದು. ಆಮೇಲೆ ಹುನಗುಂದದಿಂದ ಇಳಕಲ್, ಬಾದಾಮಿಯಿಂದ ಗುಳೇದಗುಡ್ಡ, ಜಮಖಂಡಿಯಿಂದ ರಬಕವಿ-ಬನಹಟ್ಟಿ, ಇಂಡಿಯಿಂದ ಚಡಚಣ ಹೀಗೆ ಹೊಸವು ಬಂದವು. ಹಳೆ ಹುನಗುಂದವನ್ನೂ ಹೊಸ ಹುನಗುಂದವನ್ನೂ ಒಂದೇ ಸಾಲು ಅಂತ ಹಾಕಿದರೆ ಅಲ್ಲಿ ಕಾಣುವ ಬದಲಾವಣೆ ಬರೀ ಗಡಿಯದು. ಹೋಬಳಿ ಅಥವಾ ಹಳ್ಳಿಯ ಮಟ್ಟಕ್ಕೆ ಇಳಿದು, ಒಂದೇ ಗಡಿಗೆ ಮತ್ತೆ ಕೂಡಿಸಿಕೊಳ್ಳಿ.

ಈ ಗುಂಪಿನ ತಾಲೂಕಿನ ರೈತರು ಹೀಗೆ ಅಂತ ಬರೆಯಬಹುದಾ?

ಬರೆಯಬಾರದು. ತಾಲೂಕಿನ ಬಗ್ಗೆ ಬರೆಯಿರಿ, ರೈತನ ಬಗ್ಗೆ ಅಲ್ಲ. 1950ರಲ್ಲಿ ರಾಬಿನ್ಸನ್ ಅಮೆರಿಕದ 1930ರ ಜನಗಣತಿ ಹಿಡಿದು ಇದನ್ನು ತೋರಿಸಿದರು. ರಾಜ್ಯಗಳ ಲೆಕ್ಕದಲ್ಲಿ ವಲಸೆ ಬಂದವರು ಹೆಚ್ಚಿದ್ದ ಕಡೆ ಅನಕ್ಷರತೆ ಕಡಿಮೆ. ಒಬ್ಬೊಬ್ಬರ ಲೆಕ್ಕದಲ್ಲಿ ಉಲ್ಟಾ, ವಲಸೆ ಬಂದವರಲ್ಲೇ ಅನಕ್ಷರತೆ ಜಾಸ್ತಿ. ಯಾಕೆಂದರೆ ಅವರು ಹೋಗಿ ನೆಲೆಸಿದ್ದು ಸ್ಥಳೀಯರು ಹೆಚ್ಚು ಓದಿದ್ದ ರಾಜ್ಯಗಳಲ್ಲಿ. ಯೋಜನೆ, ಸಾಲ, ವಿಮೆ ಇವನ್ನೆಲ್ಲ ಇಂಥ ಗುಂಪು ನೋಡಿ ತೀರ್ಮಾನಿಸುವವರು ಇದ್ದಾರೆ. ಕಬ್ಬಿನ ತಾಲೂಕು ಅಂತ ಹೆಸರು ಬಿದ್ದ ಕಡೆ ಎರಡೆಕರೆ ಜೋಳ ಹಾಕಿದವನೂ ಇರುತ್ತಾನೆ. ಅವನು ನಿಮ್ಮ ವರದಿಯಲ್ಲಿ ಮಾಯವಾಗಬಾರದು.

ಈ ವಿಷಯದಲ್ಲಿ ನಮ್ಮವರು ಯಾರಾದ್ರೂ ಕೆಲಸ ಮಾಡಿದಾರಾ?

ಮಾಡಿದ್ದಾರೆ, ಹೇಳಲು ಖುಷಿಯಾಗುತ್ತದೆ. ವ್ಯಾಪ್ತಿ, ಹಿಸ್ಟೋಗ್ರಾಮ್ ಇಂಥವನ್ನು ಹಾಗೇ ಇಟ್ಟು ವಿಶ್ಲೇಷಿಸುವುದನ್ನು ಸಿಂಬಾಲಿಕ್ ಡೇಟಾ ಅನಾಲಿಸಿಸ್ ಅಂತಾರೆ. ಅದನ್ನು ಕಟ್ಟಿದವರು ಫ್ರಾನ್ಸಿನ ಎಡ್ವಿನ್ ದಿದೇ. ಅವರ ಜೊತೆ 1991ರಲ್ಲಿ ಸಿಂಬಾಲಿಕ್ ಡೇಟಾ ಗುಂಪು ಕಟ್ಟಲು ಹೊಸ ಅಳತೆ ಕೊಟ್ಟವರು ಮೈಸೂರಿನ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪ್ರೊಫೆಸರ್ ಆಗಿದ್ದ ಕೆ. ಚಿದಾನಂದ ಗೌಡರು, ಕುವೆಂಪು ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದವರು. ಆ ಅಳತೆಯಲ್ಲಿ ಮೂರು ಭಾಗ: ವ್ಯಾಪ್ತಿ ಎಲ್ಲಿದೆ, ಎಷ್ಟು ಅಗಲ ಇದೆ, ಎರಡರಲ್ಲೂ ಸಮಾನವಾಗಿರುವ ಭಾಗ ಎಷ್ಟು. ಅದಕ್ಕೂ ಮೊದಲು 1978ರಲ್ಲಿ ಜಿ. ಕೃಷ್ಣ ಅವರ ಜೊತೆ ಪರಸ್ಪರ ನೆರೆಹೊರೆ ನೋಡಿ ಗುಂಪು ಕಟ್ಟುವ ವಿಧಾನವನ್ನೂ ಕೊಟ್ಟಿದ್ದರು. ನೀನು ನನಗೆ ಹತ್ತಿರ ಇದ್ದರೆ ಸಾಲದು, ನಾನೂ ನಿನಗೆ ಹತ್ತಿರ ಇರಬೇಕು ಅನ್ನುವ ವಿಚಾರ.

ಸಾಫ್ಟ್‌ವೇರ್ ಯಾವುದು?

ಆರ್ (R) ಭಾಷೆಯಲ್ಲಿ ಹಿಸ್ಟ್‌ಡಾವಾಸ್, ಆರ್‌ಎಸ್‌ಡಿಎ, ಸಿಂಬಾಲಿಕ್‌ಡಿಎ ಪ್ಯಾಕೇಜುಗಳಿವೆ. ಪೈಥಾನ್ ಆದರೆ ಸೈಪೈ (SciPy) ಲೈಬ್ರರಿಯಲ್ಲಿ ವಾಸರ್‌ಸ್ಟೈನ್ ದೂರ ಸಿಗುತ್ತದೆ, ಆದರೆ ಅದು ಮೊದಲನೇ ಘಾತದ್ದು, ಮೇಲೆ ಹೇಳಿದ ಕ್ವಾಂಟೈಲ್ ಕೆ-ಮೀನ್ಸ್ ಎರಡನೇ ಘಾತದ್ದು, ಎರಡರ ಅಂಕಿ ಹೊಂದುವುದಿಲ್ಲ ಅಂತ ಗಾಬರಿಯಾಗಬೇಡಿ.

ಅಕ್ಕ ಈ ಸಲ ಪ್ರಾಜೆಕ್ಟ್ ಇದರ ಮೇಲೇ ಮಾಡಬೇಕು ಅಂತಾಳೆ. ಎಲ್ಲಿಂದ ಶುರು ಮಾಡಲಿ ಅಂತ ಕೇಳಿದಾಳೆ

ಒಂದು ಬೆಳೆ, ಒಂದು ಹಂಗಾಮು, ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆಯ ಪೇಟೆಗಳು. ದರಪಟ್ಟಿಯ ಮೂರೂ ಬೆಲೆ ಮತ್ತು ಆವಕ ಒಂದು ಕಡತಕ್ಕೆ ಇಳಿಸಲಿ. ಮೊದಲು ಸರಾಸರಿಯಿಂದ ಗುಂಪು ಕಟ್ಟಲಿ, ಆಮೇಲೆ ವ್ಯಾಪ್ತಿಯಿಂದ ಕಟ್ಟಲಿ. ಎರಡರಲ್ಲಿ ಜಾಗ ಬದಲಿಸಿದ ಪೇಟೆ ಯಾವುದು ಅಂತ ಗುರುತು ಹಾಕಿಕೊಂಡು, ಸವಾಲಿನ ದಿನ ಬೆಳಗ್ಗೆ ಆ ಪೇಟೆಗೆ ಹೋಗಿ ಅಡತಿ ಅಂಗಡಿ ಮುಂದೆ ಒಂದು ತಾಸು ನಿಂತು ನೋಡಲಿ, ಹಮಾಲರನ್ನು, ದಲಾಲರನ್ನು ಮಾತಾಡಿಸಲಿ. ಬೆಲೆ ಅಷ್ಟು ಅಗಲಕ್ಕೆ ಯಾಕೆ ಹರಡಿದೆ ಅಂತ ಅವರು ಹೇಳ್ತಾರೆ.